ಸಿರಿಯ ಗುಪ್ಪೆಯೋ, ಕಸದ ಗುಪ್ಪೆಯೋ?

ಆಫೀಸಿನಲ್ಲಿ ಒಂದು ಆನ್‌ಲೈನ್ ಫಾರ್ಮ್ ತುಂಬಬೇಕಿತ್ತು. ಹುಟ್ಟಿದ ಊರು ಅನ್ನೋ ಕಾಲಂ ಬಂತು, 'ಸಿರುಗುಪ್ಪ' ಅಂತ ಟೈಪ್ ಮಾಡಿದೆ. ಪಕ್ಕದ ಸೀಟಿನಲ್ಲಿ ಕೂರೋ ಚೆನ್ನೈ ಹುಡುಗ ಇಣುಕಿ ನೋಡಿ ನಗೋಕೆ ಶುರು ಮಾಡಿದ. "ಮಚ್ಚಾ, ಸಿರು ಕುಪ್ಪೈನಾ? ಸಣ್ಣ ಕಸ ಅಂತ ಊರಿಗೆ ಹೆಸರಿಡ್ತಾರಾ ಯಾರಾದ್ರೂ?" ತಮಿಳಿನಲ್ಲಿ 'ಸಿರು' ಅಂದ್ರೆ ಚಿಕ್ಕದು, 'ಕುಪ್ಪೈ' ಅಂದ್ರೆ ಕಸ. ಅವನ ತಪ್ಪೇನಿಲ್ಲ, ಅವನ ಕಿವಿಗೆ ಕೇಳಿಸಿದ್ದನ್ನ ಹೇಳಿದ. ಸುತ್ತ ಕೂತಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ.

ನಕ್ಕೆ ನಿಜ, ಆದ್ರೆ ಒಳಗೆ ಚುರ್ ಅಂತು. ಅವತ್ತು ರಾತ್ರಿ ನಮ್ಮೂರ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ವಿಷಯ ಹಾಕಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು: "ಸಿರಿ ಅಂದ್ರೆ ಸಂಪತ್ತು, ಗುಪ್ಪೆ ಅಂದ್ರೆ ರಾಶಿ. ಸಿರಿಗುಪ್ಪೆ ಅಂದ್ರೆ ಸಂಪತ್ತಿನ ರಾಶಿ. ನಮ್ಮೂರ ಭತ್ತದ ರಾಶಿ ನೋಡಿದ್ದಾನೇನು ಅವನು? ಹೋಗಿ ಹೇಳು." ಮರುದಿನ ಹೋಗಿ ಹೇಳಿದೆ. ಅವನು "ಓಕೆ ಓಕೆ, ಸಾರಿ" ಅಂದ. ಗೆದ್ದೆ ಅಂದುಕೊಂಡು ಕಾಫಿ ಕುಡಿಯೋಕೆ ಹೋದೆ.

ಆಮೇಲೆ ಕಿರಿಕಿರಿ ಶುರುವಾಯ್ತು. ಕೋಡ್ ಬರೆಯೋನಿಗೆ ಒಂದು ಚಾಳಿ ಇರುತ್ತೆ: ಟೆಸ್ಟ್ ಪಾಸಾದ್ರೂ ಯಾಕೆ ಪಾಸಾಯ್ತು ಅಂತ ಗೊತ್ತಾಗದಿದ್ರೆ ನಿದ್ದೆ ಬರಲ್ಲ. ನಾನು ಹೇಳಿದ್ದು ಸರಿಯೇನೋ ಹೌದು. ಆದ್ರೆ ಸರಿ ಅಂತ ನನಗೆ ಗೊತ್ತಿತ್ತಾ, ಇಲ್ಲಾ ಕೇಳೋಕೆ ಚೆನ್ನಾಗಿದೆ ಅಂತ ಹೇಳಿದ್ನಾ? ಈ ಬರಹ ಆ ಪ್ರಶ್ನೆಗೆ. 'ಗುಪ್ಪೆ' ಅನ್ನೋ ಎರಡಕ್ಷರದ ಪದದ ಬಗ್ಗೆ, ಮತ್ತೆ ಅದನ್ನ ಹಿಡಿದುಕೊಂಡು ನಾವು ಮಾಡೋ ಕುಸ್ತಿಯ ಬಗ್ಗೆ.

ಮೊದಲು ನಮ್ಮ ಹುಡುಗರ ವಾದವನ್ನೇ ನೋಡೋಣ. "ನಮ್ಮೂರ ಭತ್ತದ ರಾಶಿ ನೋಡಿ, ಅದಕ್ಕೇ ಆ ಹೆಸರು" ಅನ್ನೋದು. ಈಗ ಸಿರುಗುಪ್ಪಕ್ಕೆ ಹೋದ್ರೆ ಸುತ್ತಮುತ್ತ ಗದ್ದೆ, ಅಕ್ಕಿ ಮಿಲ್ಲು, ಸೋನಾ ಮಸೂರಿ ಹೇರಿದ ಲಾರಿ. ಆದ್ರೆ ಈ ಸಿರಿಯಲ್ಲಿ ದೊಡ್ಡ ಪಾಲು 1953ರ ನಂತರದ್ದು, ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಿಟ್ಟ ಮೇಲಿನದು. ಹೊಳೆದಂಡೆಯಲ್ಲಿ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ವು, ಭತ್ತವೂ ಇತ್ತು, ಒಪ್ಪೋಣ. ಉಳಿದ ಹೊಲ ಎಲ್ಲ ಜೋಳ, ಹತ್ತಿ ಬೆಳೆಯೋ ಎರೆಭೂಮಿ. ಊರಿನ ಹೆಸರೋ ಅಣೆಕಟ್ಟಿಗಿಂತ ಎಷ್ಟೋ ಹಳೇದು. ಈಗ ಕಣ್ಣಿಗೆ ಕಾಣೋದನ್ನ ತೋರಿಸಿ ಹಳೇ ಹೆಸರಿಗೆ ಕಾರಣ ಹೇಳೋದು, ಮೊಮ್ಮಗನ ಮುಖ ನೋಡಿ ಅಜ್ಜನಿಗೆ ಹೆಸರಿಟ್ಟ ಹಾಗೆ.

ಚೆನ್ನೈ ಹುಡುಗನ ವಾದ ಇದಕ್ಕಿಂತ ಗಟ್ಟಿಯಾ? ಅದನ್ನೂ ಒರೆಗೆ ಹಚ್ಚೋಣ. ಇಲ್ಲಿ ನಮಗೆ ಬೇಕಿರೋದು ಅಭಿಮಾನ ಅಲ್ಲ, ಹೈಸ್ಕೂಲ್ ವ್ಯಾಕರಣ.

ತಮಿಳಿನ 'ಸಿರು'ಗೆ (ಚಿಕ್ಕದು ಅನ್ನೋ ಅರ್ಥದಲ್ಲಿ) ಕನ್ನಡದ ಜೋಡಿ ಯಾವುದು? 'ಕಿರು'. ಕಿರುಬೆರಳು, ಕಿರುಚಿತ್ರ, ಕಿರುನಗೆ. ಇದು ಒಂಟಿ ಉದಾಹರಣೆ ಅಲ್ಲ. ನಮ್ಮ 'ಕಿವಿ' ಅವರಿಗೆ 'ಚೆವಿ', ನಮ್ಮ 'ಕೇರಿ' ಅವರಿಗೆ 'ಚೇರಿ', ನಮ್ಮ 'ಕೆಂ' (ಕೆಂಪು, ಕೆಂದಾವರೆ) ಅವರಿಗೆ 'ಚೆಂ'. ಇ, ಎ ಸ್ವರಗಳ ಮುಂದಿನ 'ಕ' ಕನ್ನಡದಲ್ಲಿ 'ಕ' ಆಗೇ ಉಳಿದಿದೆ, ತಮಿಳಿನಲ್ಲಿ 'ಚ' ಆಗಿದೆ, ಇವತ್ತಿನ ಮಾತಿನಲ್ಲಿ ಎಷ್ಟೋ ಕಡೆ 'ಸ' ಆಗಿದೆ. ಹಾಗಾಗಿ ನಮ್ಮೂರು ಕನ್ನಡದ ಬಾಯಲ್ಲಿ 'ಚಿಕ್ಕ ಗುಪ್ಪೆ' ಆಗಿದ್ದಿದ್ರೆ 'ಕಿರುಗುಪ್ಪೆ' ಆಗಬೇಕಿತ್ತು. ತೆಲುಗಿನ ಬಾಯಲ್ಲಾದ್ರೆ 'ಚಿರುಗುಪ್ಪ', ಯಾಕಂದ್ರೆ ತೆಲುಗಿನಲ್ಲಿ ಚಿಕ್ಕದಕ್ಕೆ 'ಚಿರು' ಅಂತಾರೆ. 'ಸಿರು' ಅಂತ ಬಂದಿದೆ ಅಂದ್ರೆ 'ಸಿರಿ'ಯ ಕಡೆಗೇ ತಕ್ಕಡಿ ವಾಲುತ್ತೆ. ಮುಂದೆ 'ಗು' ಇರೋದ್ರಿಂದ 'ರಿ' ಜಾರಿ 'ರು' ಆಗಿದೆ. ಈಗಲೂ ಬೋರ್ಡುಗಳಲ್ಲಿ 'ಸಿರಿಗುಪ್ಪ', 'ಸಿರುಗುಪ್ಪ' ಎರಡೂ ಕಾಣುತ್ತೆ.

'ಕುಪ್ಪೆ' ಹೇಗೆ 'ಗುಪ್ಪೆ' ಆಯ್ತು? ಎಂಟನೇ ಕ್ಲಾಸಿನ ಆದೇಶ ಸಂಧಿ ನೆನಪಿದೆಯಲ್ಲ. ಮಳೆ ಮತ್ತು ಕಾಲ ಸೇರಿದ್ರೆ ಮಳೆಗಾಲ, ಹೊಸ ಮತ್ತು ಕನ್ನಡ ಸೇರಿದ್ರೆ ಹೊಸಗನ್ನಡ. ಹಾಗೇ ಸಿರಿ ಮತ್ತು ಕುಪ್ಪೆ ಸೇರಿದ್ರೆ ಸಿರಿಗುಪ್ಪೆ. ಕನ್ನಡದಲ್ಲಿ ಸಂಧಿ ಇಲ್ಲದೆಯೂ 'ಗುಪ್ಪೆ' ಅನ್ನೋ ರೂಪ ಇದೆ, ಕುಪ್ಪೆ ಗುಪ್ಪೆ ಎರಡೂ ಒಂದೇ.

ಕೊನೆಯ ಅಕ್ಷರ ಇನ್ನೂ ಮಜಾ. ನಾವು ಊರಲ್ಲಿ ಮಾತಾಡುವಾಗ 'ಗುಪ್ಪಿ' ಅಂತೀವಿ, ಮನೆ 'ಮನಿ' ಆದ ಹಾಗೆ. ಪುಸ್ತಕದ ಕನ್ನಡದಲ್ಲಿ ಗುಪ್ಪೆ. ಊರಿನ ಹೆಸರಲ್ಲಿ ಮಾತ್ರ 'ಗುಪ್ಪ'. ತಮಿಳಿನ ತಲೈ, ಕನ್ನಡದ ತಲೆ, ತೆಲುಗು ಮತ್ತು ಮಲಯಾಳದ ತಲ: ಇದೇ ಅಚ್ಚಿನಲ್ಲಿ ಕುಪ್ಪೈ, ಕುಪ್ಪೆ, ಕುಪ್ಪ. ಅಂದ್ರೆ ಸಿರುಗುಪ್ಪದ ಕೊನೆಯ 'ಅ'ದಲ್ಲಿ ತೆಲುಗಿನ ವಾಸನೆ ಹೊಡೀತಿದೆ ಅನ್ಸುತ್ತೆ. ಇದರಲ್ಲಿ ಗಾಬರಿಯಾಗೋದೇನಿಲ್ಲ. ಬಳ್ಳಾರಿ ಜಿಲ್ಲೆ 1953ರ ಸೆಪ್ಟೆಂಬರ್ ಕೊನೆಯವರೆಗೆ ಮದ್ರಾಸಿಗೆ ಸೇರಿತ್ತು. ಅಕ್ಟೋಬರ್ 1ಕ್ಕೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದ್ವು, ನಾವು ಮೈಸೂರಿಗೆ ಬಂದ್ವಿ. ನಮ್ಮೂರ ಸಂತೆಯಲ್ಲಿ ಇವತ್ತಿಗೂ ಒಂದೇ ಚೌಕಾಸಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತೆ. ಅಂಥ ಊರಿನ ಹೆಸರು ಎರಡು ಬಾಯಲ್ಲಿ ಉರುಳಿರೋದು ಸಹಜ.

ಸರಿ, ವಾದ ಗೆದ್ದಾಯ್ತಲ್ಲ? 'ಸಿರು' ಅನ್ನೋ ಅರ್ಧ ಗೆದ್ದೆ. ಆದ್ರೆ 'ಕುಪ್ಪೈ' ಅನ್ನೋ ಅರ್ಧದಲ್ಲಿ ಚೆನ್ನೈ ಹುಡುಗ ಹೇಳಿದ್ದು ಸರಿಯೇ. ತಮಿಳಿನ ಕುಪ್ಪೈ, ಕನ್ನಡದ ಗುಪ್ಪೆ, ತೆಲುಗಿನ ಕುಪ್ಪ, ಮಲಯಾಳದ ಕುಪ್ಪ ಎಲ್ಲ ಒಂದೇ ಪದ. ಇದನ್ನ ನೋಡೋಕೆ ನಿಘಂಟಿಗೆ ಹೋಗಬೇಕು.

ಬರೋ ಮತ್ತು ಎಮಿನೊ ಅನ್ನೋ ಇಬ್ಬರು ವಿದ್ವಾಂಸರು ಮಾಡಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇದೆ. ಮೊದಲ ಮುದ್ರಣ 1961, ಪರಿಷ್ಕೃತ ಮುದ್ರಣ 1984. ಐದೂವರೆ ಸಾವಿರ ನಮೂದು. ಶಿಕಾಗೋ ವಿಶ್ವವಿದ್ಯಾಲಯದ ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಗುಪ್ಪೆಯ ನಮೂದಿನಲ್ಲಿ ತಮಿಳಿಗೆ ರಾಶಿ, ದಿಬ್ಬ, ಗುಡಿಸಿದ ಕಸ, ತಿಪ್ಪೆ. ಮಲಯಾಳಕ್ಕೆ ರಾಶಿ, ಕಸ. ಕನ್ನಡಕ್ಕೆ ರಾಶಿ, ದಿಬ್ಬ, ತಿಪ್ಪೆ. ತೆಲುಗಿಗೆ ರಾಶಿ, ಒಟ್ಟಲು. ಪಕ್ಕದಲ್ಲಿ ತಮಿಳಿನ 'ಕುವಿ', ಅಂದ್ರೆ ಗುಡ್ಡೆಯಾಗು, ಗುಡ್ಡೆ ಹಾಕು. ಎಲ್ಲ ಭಾಷೆಗೂ ಸಾಮಾನ್ಯವಾದ ಅರ್ಥ ಒಂದೇ: ಒಟ್ಟಿದ್ದು. ಏನನ್ನ ಒಟ್ಟಿದ್ದು ಅನ್ನೋದು ಪದದೊಳಗೆ ಇಲ್ಲ. ಬಂಗಾರ ಒಟ್ಟಿದ್ರೂ ಗುಪ್ಪೆ, ಸಗಣಿ ಒಟ್ಟಿದ್ರೂ ಗುಪ್ಪೆ.

ಇದು ಅದ್ಭುತವಾದ ಪುಸ್ತಕ. ಆದ್ರೆ ನಮ್ಮಂಥವರು ಇದನ್ನ ಓದುವಾಗ ಎರಡು ಕಡೆ ಎಡವುತ್ತೀವಿ.

ಒಂದು, ಪಟ್ಟಿಯ ಕ್ರಮ. ತಮಿಳಿನ ಪದ ಇರೋ ನಮೂದೆಲ್ಲ ತಮಿಳಿನಿಂದ ಶುರುವಾಗುತ್ತೆ, ಆಮೇಲೆ ಮಲಯಾಳ, ಮುಂದೆ ಕನ್ನಡ, ತುಳು, ತೆಲುಗು, ಹಾಗೇ ಉತ್ತರಕ್ಕೆ ಹೋಗುತ್ತೆ. ಇದು ದಕ್ಷಿಣದಿಂದ ಉತ್ತರಕ್ಕೆ ಹೋಗೋ ಕ್ರಮ, ಹಿರಿತನದ ಕ್ರಮ ಅಲ್ಲ. ಆದ್ರೆ ಮೊದಲ ಸಾಲಲ್ಲಿ ಕಂಡದ್ದೇ ತಾಯಿ, ಉಳಿದದ್ದೆಲ್ಲ ಮಕ್ಕಳು ಅಂತ ಓದೋರ ತಲೆ ತಾನೇ ತೀರ್ಮಾನ ಮಾಡುತ್ತೆ. 2025ರಲ್ಲಿ ತಮಿಳು ನಟರೊಬ್ಬರು ಕನ್ನಡ ತಮಿಳಿನಿಂದ ಹುಟ್ಟಿದ್ದು ಅಂದಾಗ ಎಷ್ಟು ಗಲಾಟೆ ಆಯ್ತು ನೆನಪಿರಬೇಕು. ಅವತ್ತು ನಾವು ಕೂಗಿದ್ದೇ ಹೆಚ್ಚು, ಉದಾಹರಣೆ ಕೊಟ್ಟಿದ್ದು ಕಡಿಮೆ. ಉದಾಹರಣೆ ನಮ್ಮ ಕಿವಿಯಲ್ಲೇ ಇತ್ತು. 'ಕಿವಿ' ಹಳೇ 'ಕ'ವನ್ನ ಉಳಿಸಿಕೊಂಡಿದೆ, 'ಚೆವಿ' ಕಳೆದುಕೊಂಡಿದೆ. ಕಳೆದುಕೊಂಡವರಿಂದ ಉಳಿಸಿಕೊಂಡವರು ಹುಟ್ಟೋದು ಹೇಗೆ? ಹಾಗಂತ ನಾವೇ ಹಿರಿಯರು ಅಂತ ಮೀಸೆ ತಿರುವೋದೂ ಬೇಡ. ಪಳ್ಳಿಯ 'ಪ'ವನ್ನ ತಮಿಳು ಉಳಿಸಿಕೊಂಡಿದೆ, ನಾವು 'ಹಳ್ಳಿ' ಮಾಡಿದ್ದೀವಿ. ಗಿಟ್ ಬಳಸೋರಿಗೆ ಹೇಳೋದಾದ್ರೆ, ತಮಿಳು 'ಮೇನ್' ಅಲ್ಲ, ಕನ್ನಡವೂ 'ಮೇನ್' ಅಲ್ಲ. ಇಬ್ಬರೂ ಹಳೇ ಕಮಿಟ್ ಒಂದರಿಂದ ಕವಲೊಡೆದ ಬ್ರಾಂಚುಗಳು, ಇಬ್ಬರಲ್ಲೂ ಬದಲಾವಣೆ ಆಗಿದೆ.

ಎರಡನೇದು ಇನ್ನೂ ಮುಖ್ಯ. ನಿಘಂಟು 'ರಾಶಿ, ದಿಬ್ಬ, ಕಸ, ತಿಪ್ಪೆ' ಅಂತ ಕಾಮಾ ಹಾಕಿ ಸಾಲಾಗಿ ಕೂರಿಸುತ್ತೆ. ಆ ಕಾಮಾಗಳ ನಡುವೆ ಏನು ನಡೀತು ಅಂತ ಹೇಳಲ್ಲ. ಯಾವ ಅರ್ಥ ಯಾವಾಗ ಬಂತು, ಯಾರ ಬಾಯಲ್ಲಿ ಉಳೀತು, ಯಾರು ಬಿಟ್ಟರು? ಒಟ್ಟಿದ್ದು ಅನ್ನೋದು ಎಸೆಯೋದು ಹೇಗಾಯ್ತು? ಪದದ ಬದುಕು ಇರೋದು ಆ ಕಾಮಾಗಳಲ್ಲಿ. ಅದಕ್ಕೆ ಹೊಲಕ್ಕೆ, ಬೀದಿಗೆ, ಪೇಪರಿಗೆ ಹೋಗಬೇಕು.

ತೆಲುಗಿಗೆ ಹೋದ್ರೆ ಗುಪ್ಪೆ ಇವತ್ತಿಗೂ ಮರ್ಯಾದೆಯಿಂದ ಬಾಳುತ್ತಿದೆ. ಕೊಯ್ದ ಭತ್ತದ ಬಣವೆಗೆ 'ವರಿ ಕುಪ್ಪ', ಒಕ್ಕಣೆಗೆ 'ಕುಪ್ಪ ನೂರ್ಪಿಡಿ'. ಬೇಕಾದಷ್ಟು ಇದೆ ಅನ್ನೋಕೆ 'ಕುಪ್ಪಲು ತೆಪ್ಪಲುಗಾ'. ಶೇರು ಮಾರುಕಟ್ಟೆ ಬಿದ್ದ ದಿನ ತೆಲುಗು ಪೇಪರಿನ ಹೆಡ್‌ಲೈನ್ 'ಸೆನ್ಸೆಕ್ಸ್ ಕುಪ್ಪಕೂಲಿಂದಿ', ಅಂದ್ರೆ ಗುಪ್ಪೆಯಾಗಿ ಕುಸಿದುಬಿತ್ತು. ಕಸದ ರಾಶಿಯ ಬಗ್ಗೆ ಹೇಳಬೇಕಾದ್ರೆ ಮುಂದೆ ಕಸದ ಪದ ಸೇರಿಸಿ 'ಚೆತ್ತ ಕುಪ್ಪ' ಅನ್ನಬೇಕು. ಬರೀ ಕುಪ್ಪ ಅಂದ್ರೆ ಕೊಳೆ ಅಲ್ಲ.

ತಮಿಳಿಗೆ ಹೋದ್ರೆ ಉಲ್ಟಾ. ರಾಶಿಯ ಕೆಲಸಕ್ಕೆ 'ಕುವಿಯಲ್' ಇದೆ, 'ಕುಪ್ಪೈ' ಪೂರ್ತಿ ಕಸಕ್ಕೇ ಮೀಸಲು. ರಸ್ತೆ ಪಕ್ಕದ ಡಬ್ಬಿ 'ಕುಪ್ಪೈತ್ತೊಟ್ಟಿ', ಮಲಯಾಳದಲ್ಲೂ 'ಕುಪ್ಪತ್ತೊಟ್ಟಿ'. ಅದೇ ಬೇರಿನದು ಅಂತ ನಿಘಂಟು ಸೇರಿಸೋ 'ಕುಪ್ಪಂ' ಮಾತ್ರ ಬೇರೆ ದಾರಿ ಹಿಡಿದಿದೆ. ಚೆನ್ನೈ ಕಡಲದಂಡೆಯ ಮೀನುಗಾರರ ಕೇರಿಗಳು ಕುಪ್ಪಂ. ಅಲ್ಲಿ ಒಟ್ಟಾಗಿರೋದು ಮನೆಗಳು, ಜನ.

ಕನ್ನಡ ಎಲ್ಲಿ ನಿಲ್ಲುತ್ತೆ? ಮಧ್ಯದಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಗೊಬ್ಬರವನ್ನ ಬಂಡಿಯಲ್ಲಿ ಹೊಲಕ್ಕೆ ಹೊಡೀತಾರೆ. ಸಾಲಾಗಿ, ಅಷ್ಟಷ್ಟು ದೂರಕ್ಕೆ ಒಂದೊಂದು ಗುಪ್ಪಿ ಹಾಕಿ ಹೋಗ್ತಾರೆ. ಮಳೆ ಬೀಳೋಕೆ ಮುಂಚೆ ಹರಗ್ತಾರೆ. ದೂರದಿಂದ ನೋಡಿದ್ರೆ ಹೊಲದ ತುಂಬ ಸಣ್ಣ ಸಣ್ಣ ಗುಡ್ಡ. ಉಸುಕಿನ ಗುಪ್ಪಿ, ಕಲ್ಲಿನ ಗುಪ್ಪಿ, ಗೊಬ್ಬರದ ಗುಪ್ಪಿ. ಆದ್ರೆ ಕಣದಲ್ಲಿ ಕಾಳು ಬಿದ್ದ ತಕ್ಷಣ ಅದು 'ರಾಶಿ' ಆಗಿಬಿಡುತ್ತೆ. ಒಕ್ಕೋ ಕೆಲಸಕ್ಕೇ ರಾಶಿ ಮಾಡೋದು ಅಂತ ಹೆಸರು. ರಾಶಿ ಸಂಸ್ಕೃತದಿಂದ ಬಂದ ಪದ. ಹೊರಗಿನಿಂದ ಬಂದ ಪದಕ್ಕೆ ಕಾಳು ಸಿಕ್ತು, ಪೂಜೆ ಸಿಕ್ತು. ಮನೆಯ ಪದಕ್ಕೆ ಉಸುಕು, ಕಲ್ಲು, ಗೊಬ್ಬರ ಉಳೀತು. ಇದು ಯಾರದೋ ಪಿತೂರಿ ಅಂತ ನಾನು ಹೇಳ್ತಿಲ್ಲ. ಎರಡು ಪದ ಒಂದೇ ಕೆಲಸಕ್ಕೆ ಬಂದಾಗ ಹೀಗೇ ಆಗುತ್ತೆ, ಹೊಸಬನಿಗೆ ಕುರ್ಚಿ, ಹಳಬನಿಗೆ ಕಟ್ಟೆ. ಇವತ್ತಿನ ಆಫೀಸುಗಳಲ್ಲಿ ಇಂಗ್ಲಿಷ್ ಮುಂದೆ ಕನ್ನಡಕ್ಕೆ ಆಗ್ತಿರೋದೂ ಅದೇ.

ಇನ್ನೊಂದು ಸಾಕ್ಷಿ ನಿಮ್ಮ ಕಾಂಪೌಂಡಿನ ಮೂಲೆಯಲ್ಲೇ ಇರಬಹುದು. ತಿಪ್ಪೆ ಪಕ್ಕ ತಾನಾಗಿ ಬೆಳೆಯೋ ಒಂದು ಸಣ್ಣ ಗಿಡ, ನಮ್ಮಲ್ಲಿ ಕುಪ್ಪಿ ಗಿಡ, ತೆಲುಗಿನಲ್ಲಿ ಕುಪ್ಪಿಂಟ, ತಮಿಳಿನಲ್ಲಿ ಕುಪ್ಪೈಮೇನಿ. ಹಳ್ಳಿ ಮದ್ದಿನಲ್ಲಿ ಇದರ ಎಲೆಗೆ ಬೆಲೆ ಇದೆ. ನಮ್ಮ ಭಾಷೆಯಲ್ಲಿ ಕುಪ್ಪೆಗೆ ಕಸದ ಅರ್ಥ ಇದ್ದದ್ದಕ್ಕೆ ಈ ಗಿಡವೇ ಗುರುತು. ಅಂದ್ರೆ ಚೆನ್ನೈ ಹುಡುಗ ಹೇಳಿದ ಅರ್ಥ ನಮಗೆ ಪರಕೀಯ ಏನಲ್ಲ.

ಈ ಆಟ ರುಚಿ ಹತ್ತಿದ್ರೆ ಬಿಡೋದು ಕಷ್ಟ, ಅಪಾಯವೂ ಇದೆ. ಗುಪ್ಪೆ ತಲೆಗೆ ಹೊಕ್ಕ ಮೇಲೆ ಕುವೆಂಪು ಅವರ ಕುಪ್ಪಳಿಯೂ ಅದೇ ಇರಬೇಕು ಅನ್ಸುತ್ತೆ, ಗಾಜಿನ ಕುಪ್ಪಿಯೂ ಅದೇ ಅನ್ಸುತ್ತೆ. ಗಾಜಿನ ಕುಪ್ಪಿ ಸಂಸ್ಕೃತದ ಕೂಪಿಯಿಂದ ಬಂದದ್ದು, ಬೇರೆಯೇ ಸಂಸಾರ. ಸದ್ದು ಒಂದೇ ಆದ ಮಾತ್ರಕ್ಕೆ ಸಂಬಂಧ ಇರಬೇಕಿಲ್ಲ, ಸದ್ದು ಬೇರೆಯಾದ ಮಾತ್ರಕ್ಕೆ ಸಂಬಂಧ ತಪ್ಪಬೇಕಿಲ್ಲ. ಇದಕ್ಕೆ ಬಳ್ಳಾರಿಗಿಂತ ಒಳ್ಳೆ ಉದಾಹರಣೆ ಇಲ್ಲ. ಬಳ್ಳಾರಿಗೆ ಆ ಹೆಸರು ಹೇಗೆ ಬಂತು ಅನ್ನೋದಕ್ಕೆ ಇರೋ ಕತೆಗಳಲ್ಲಿ ಒಂದು: ವ್ಯಾಪಾರಿಯೊಬ್ಬನಿಗೆ ಪೂಜೆಗೆ ಲಿಂಗ ಸಿಗಲಿಲ್ಲ, ಕಾಳು ಅಳೆಯೋ ಬಳ್ಳವನ್ನ ಬೋರಲು ಹಾಕಿ ಪೂಜೆ ಮಾಡಿದ್ರು, ಅದೇ ಲಿಂಗವಾಯ್ತು. ಕತೆ ಕತೆಯೇ. ಆದ್ರೆ 'ಬಳ್ಳ' ನಿಜವಾದ ಪದ, ಕಾಳಿನ ಅಳತೆ. ತಮಿಳಿನ 'ವ' ಕನ್ನಡದಲ್ಲಿ 'ಬ' ಆಗುತ್ತೆ: ವಾಯ್ ಅಂದ್ರೆ ಬಾಯಿ, ವಿಲ್ ಅಂದ್ರೆ ಬಿಲ್ಲು. ಹಾಗಾಗಿ ಬಳ್ಳದ ಜೋಡಿ 'ವಳ್ಳಂ', ತಮಿಳಿನಲ್ಲಿ ಬಟ್ಟಲು, ಕಾಳಿನ ಅಳತೆ, ಸಣ್ಣ ದೋಣಿ. ಕೇರಳದ ಓಣಂ ದೋಣಿ ಸ್ಪರ್ಧೆ 'ವಳ್ಳಂಕಳಿ'ಯಲ್ಲಿರೋದೂ ಅದೇ ವಳ್ಳಂ. ಒಳಗೆ ಟೊಳ್ಳಾಗಿರೋ ಪಾತ್ರೆ ಒಂದು ಕಡೆ ಜೋಳ ಅಳೀತು, ಇನ್ನೊಂದು ಕಡೆ ನೀರಿಗೆ ಇಳೀತು. ಅತ್ತ ತೆಲುಗಿನ 'ಬಲ್ಲ' ಕೇಳೋಕೆ ಬಳ್ಳದ ತಮ್ಮನ ಹಾಗಿದೆ, ಅರ್ಥ ಹಲಗೆ, ಟೇಬಲ್ಲು. ಇಲ್ಲಿ ಲ, ಅಲ್ಲಿ ಳ, ನಂಟು ಇಲ್ಲ. ಕುರುಗೋಡಿನ 'ಕೋಡು' ನಮಗೆ ಎತ್ತಿನ ಕೊಂಬು, ಬೆಟ್ಟದ ತುದಿ. ಕುರುಗೋಡಿನ ಗುಡ್ಡ ನೋಡಿದೋರಿಗೆ ಕೋಡು ಅಂದ್ರೆ ಏನು ಅಂತ ಹೇಳಬೇಕಿಲ್ಲ. ಇವತ್ತಿನ ತಮಿಳಿನಲ್ಲಿ ಅದೇ 'ಕೋಡು' ಅಂದ್ರೆ ಗೆರೆ, ಬಡತನದ ರೇಖೆಗೂ ಕೋಡೇ.

ಈ ಭಾಷೆಗಳೆಲ್ಲ ಒಂದೇ ಮನೆತನ ಅನ್ನೋ ಮಾತು ಮೊದಲು ಅಚ್ಚಾದದ್ದು 1816ರಲ್ಲಿ, ಎ. ಡಿ. ಕ್ಯಾಂಪ್‌ಬೆಲ್ ಬರೆದ ತೆಲುಗು ವ್ಯಾಕರಣಕ್ಕೆ ಎಲ್ಲಿಸ್ ಅನ್ನೋ ಅಧಿಕಾರಿ ಸೇರಿಸಿದ ಟಿಪ್ಪಣಿಯಲ್ಲಿ. ಕಾಲ್ಡ್‌ವೆಲ್ಲನ ಪ್ರಸಿದ್ಧ ಪುಸ್ತಕಕ್ಕೆ 40 ವರ್ಷ ಮುಂಚೆ. ಆ ಕ್ಯಾಂಪ್‌ಬೆಲ್ ಆಮೇಲೆ ಬಳ್ಳಾರಿಯ ಕಲೆಕ್ಟರ್ ಆಗಿದ್ದ, ಜಿಲ್ಲೆಯ ಶಾಲೆಗಳ ಬಗ್ಗೆ 1823ರಲ್ಲಿ ವರದಿ ಬರೆದ. ಕಿಟೆಲ್‌ಗಿಂತ 60 ವರ್ಷ ಮುಂಚೆ, 1832ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು ತಂದ ವಿಲಿಯಂ ರೀವ್ ಬಳ್ಳಾರಿಯ ಮಿಷನ್ನಿನಲ್ಲಿ ಕೆಲಸ ಮಾಡಿದವನು. ಪದಗಳ ಜಗಳ ನಮ್ಮೂರಿಗೆ ಹೊಸದಲ್ಲ.

ಇಷ್ಟೆಲ್ಲ ಓದಿದ ಮೇಲೂ ಮೊದಲ ದಿನದ ಚುರ್ ಹೋಗಿರಲಿಲ್ಲ. ಯಾಕೆ ಅಂತ ಈಗ ಹೇಳಿಬಿಡ್ತೀನಿ. ಆ ಫಾರ್ಮಿನಲ್ಲಿ ಇನ್ನೊಂದು ಕಾಲಂ ಇತ್ತು, ಲಾಸ್ಟ್ ನೇಮ್. ನಾನು ಹತ್ತು ವರ್ಷದಿಂದ ಅಲ್ಲಿ 'ಟಿ' ಅಂತ ಒಂದೇ ಅಕ್ಷರ ಹಾಕ್ತಾ ಬಂದಿದ್ದೀನಿ. ಬಿಡಿಸಿ ಬರೆದ್ರೆ ಅದು ಅಪ್ಪನ ಹೆಸರು: ತಿಪ್ಪಣ್ಣ. ಊರಿನ ಹೆಸರಿಗೇ ಇಷ್ಟು ನಗು ಬಂದ್ರೆ, ತಿಪ್ಪೆ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳಲಿ? ನನ್ನ ಇಡೀ ಸಿರಿ ಹುಡುಕಾಟ ನಡೆದದ್ದು ಆ ತಿಪ್ಪೆಯನ್ನ ಮುಚ್ಚೋಕೆ.

ದಸರಾಕ್ಕೆ ಊರಿಗೆ ಹೋದಾಗ ಕೇಳಿದೆ. "ಅಪ್ಪ, ನಿನಗ ಈ ಹೆಸರು ಯಾಕಿಟ್ರು?"

ಅಪ್ಪ ಎಲೆ ಅಡಿಕೆ ಮಡಚ್ತಾ ಹೇಳಿದ. "ನನ್ನ ಮುಂದ ನಮ್ಮವ್ವಗ ಎರಡು ಕೂಸು ಹೋಗಿದ್ವಪ. ನಾ ಹುಟ್ಟಿದ ಕೂಡಲೇ ಮರದಾಗ ಹಾಕಿ ತಿಪ್ಪಿ ಮ್ಯಾಲೆ ಇಟ್ರಂತ. ಬಾಜು ಮನಿ ಅಕ್ಕ ಎತ್ತಿಕೊಂಡು ಬಂದಳಂತ. ನಮ್ಮವ್ವ ಆಕಿಗೆ ಒಂದು ಸೇರು ಜೋಳ ಕೊಟ್ಟು ನನ್ನ ಕೊಂಡುಕೊಂಡಳಂತ. ತಿಪ್ಪಿಯಾಗ ಬಿದ್ದಿದ್ದನ್ನ ಯಾವ ದೇವರು ಕೇಳ್ತಾನ, ಯಾರ ಕಣ್ಣು ಬೀಳ್ತೈತಿ? ಅದಕ್ಕ ಉಳದೀನಿ."

ಅಷ್ಟೇ. ಆಮೇಲೆ ಎಲೆ ಬಾಯಿಗೆ ಹಾಕಿಕೊಂಡ.

ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ನಮ್ಮ ಬಳ್ಳಾರಿ, ಚಿತ್ರದುರ್ಗದ ಕಡೆ ಬೀದಿಗೆ ನಾಲ್ಕು ಸಿಗ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಇಟ್ಟ ಹೆಸರೂ ಎಷ್ಟೋ ಇವೆ. ಅದರ ಜೊತೆಗೆ ಅಪ್ಪನ ಥರ ತಿಪ್ಪೆಯಿಂದ ಕೊಂಡುಕೊಂಡ ಮಕ್ಕಳ ಹೆಸರೂ ಇವೆ. ತೆಲಂಗಾಣದಲ್ಲಿ ತಿಪ್ಪೆಗೆ 'ಪೆಂಟ', ಅಲ್ಲಿ ಪೆಂಟಯ್ಯ, ಪೆಂಟಮ್ಮ. ಉತ್ತರಪ್ರದೇಶ, ಬಿಹಾರದ ಕಡೆ ತಿಪ್ಪೆಗೆ 'ಘೂರ್', ಅಲ್ಲಿ ಘುರಹು. ತಮಿಳಿನಲ್ಲಿ ಕುಪ್ಪುಸಾಮಿ, ಕುಪ್ಪಮ್ಮ. ಪದ ಬೇರೆ ಬೇರೆ, ಉತ್ತರದ ಭಾಷೆಯದ್ದು ಒಂದು, ದ್ರಾವಿಡ ಮೂಲದ್ದು ಮೂರು. ಭಯ ಮಾತ್ರ ಒಂದೇ. ನಿಘಂಟು ಈ ನಾಲ್ಕನ್ನ ಎಂದಿಗೂ ಒಂದೇ ನಮೂದಿನಲ್ಲಿ ಕೂರಿಸಲ್ಲ, ಯಾಕಂದ್ರೆ ಅದು ಸದ್ದಿನ ನಂಟು ನೋಡುತ್ತೆ. ತಾಯಂದಿರ ನಂಟು ನೋಡೋಕೆ ಇನ್ನೊಂದು ನಿಘಂಟು ಬೇಕು.

ಇನ್ನೂ ಒಂದು ಮಾತು. 'ತಿಪ್ಪೆ' ಕನ್ನಡದಲ್ಲಿ ಕೊಳಕು, ತೆಲುಗಿನಲ್ಲಿ 'ತಿಪ್ಪ' ಅಂದ್ರೆ ದಿಬ್ಬ, 'ಇಸುಕ ತಿಪ್ಪ' ಅಂದ್ರೆ ಉಸುಕಿನ ದಿಬ್ಬ, ಕೊಳಕಿಲ್ಲ. 'ಕುಪ್ಪೈ' ತಮಿಳಿನಲ್ಲಿ ಕೊಳಕು, ಕನ್ನಡದಲ್ಲಿ 'ಗುಪ್ಪೆ'ಗೆ ಅಷ್ಟು ಕೊಳಕಿಲ್ಲ. ಹಾಗಾದ್ರೆ ಕೊಳಕು ಇರೋದು ಪದದಲ್ಲಾ, ಕೇಳೋರ ಕಿವಿಯಲ್ಲಾ? ಹಳ್ಳಿಯಲ್ಲಿ ತಿಪ್ಪೆ ಆಸ್ತಿ. ಹೆಣ್ಣು ಕೊಡೋಕೆ ಬಂದವರು ಎತ್ತು, ಹೊಲದ ಜೊತೆ ತಿಪ್ಪೆಯ ಎತ್ತರವನ್ನೂ ಓರೆಗಣ್ಣಲ್ಲಿ ನೋಡ್ತಿದ್ರು. ದನ ಎಷ್ಟಿವೆ ಅಂತ ತಿಪ್ಪೆಯೇ ಹೇಳುತ್ತಿತ್ತು. ಅಲ್ಲಿ ಹಾಕಿದ್ದು ಆರು ತಿಂಗಳಿಗೆ ಹೊಲಕ್ಕೆ ಹೋಗಿ ಜೋಳ ಆಗಿ ಮನೆಗೆ ವಾಪಸ್ ಬರುತ್ತಿತ್ತು. ತಿಪ್ಪೆ ಅವಮಾನ ಆದದ್ದು ಕಸಕ್ಕೆ ವಾಪಸ್ ಬರೋ ದಾರಿ ಇಲ್ಲದ ಊರಿಗೆ, ಅಂದ್ರೆ ಬೆಂಗಳೂರಿಗೆ, ನಾವು ಬಂದ ಮೇಲೆ.

ನಮ್ಮ ಜಿಲ್ಲೆಯ ಅತಿ ಹಳೆಯ ಸ್ಮಾರಕ ಯಾವುದು ಅಂತ ಕೇಳಿದ್ರೆ ಎಲ್ಲರೂ ಗುಡಿ, ಕೋಟೆ ಅಂತಾರೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡುತಿನಿ ಹತ್ತಿರ ಒಂದು ಬೂದಿ ದಿಬ್ಬ ಇದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಬಳ್ಳಾರಿ ಪಕ್ಕದ ಸಂಗನಕಲ್ಲುಗಳಲ್ಲೂ ಅದೇ ನವಶಿಲಾಯುಗದ ಜನರ ನೆಲೆಗಳಿವೆ. ಇಂಥ ದಿಬ್ಬಗಳನ್ನ ಜನ ರಾಕ್ಷಸರ ಚಿತೆಯ ಬೂದಿ ಅಂತಾರೆ, ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯ ಚಿತೆ ಅಂತಾರೆ. ಪುರಾತತ್ವದವರು ಅಗೆದು, ಪರೀಕ್ಷೆ ಮಾಡಿ ಹೇಳಿದ್ದು ಬೇರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದನ ಕಾಯುತ್ತಿದ್ದ ಜನ ಸಗಣಿಯನ್ನ ಒಂದೇ ಕಡೆ ಒಟ್ಟಿ, ಮತ್ತೆ ಮತ್ತೆ ಸುಟ್ಟು, ಆ ಬೂದಿ ಗಟ್ಟಿಯಾಗಿ ದಿಬ್ಬ ಆಯ್ತು. ಅಂದ್ರೆ ತಿಪ್ಪೆ. ಆಲ್ಚಿನ್ ಅನ್ನೋ ವಿದ್ವಾಂಸರು 1963ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದ್ರು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂಗೆ ಹೋದ್ರೆ ಆ ಜನರ ಕಲ್ಲಿನ ಕೊಡಲಿ, ಮಡಕೆ ಚೂರು ನೋಡಬಹುದು. ಅವರು ಯಾವ ಭಾಷೆ ಆಡ್ತಿದ್ರು ಅಂತ ಕಲ್ಲು ಹೇಳಲ್ಲ. ಆದ್ರೆ ಸಗಣಿ ಒಟ್ಟಿದ್ದಕ್ಕೆ ಅವರ ಬಾಯಲ್ಲೂ ಒಂದು ಪದ ಇದ್ದೇ ಇತ್ತು, ಆ ಪದಕ್ಕೆ ನಾಚಿಕೆ ಇರಲಿಲ್ಲ ಅಂತ ಮಾತ್ರ ಹೇಳಬಲ್ಲೆ. ನಾಚಿಕೆ ಪಡೋರು ಅಷ್ಟು ಎತ್ತರಕ್ಕೆ ಒಟ್ಟಲ್ಲ.

ಹಾಗಾಗಿ ನಮ್ಮ ಹುಡುಗರ ಮೆಸೇಜಿಗೂ, ಅದನ್ನ ಫಾರ್ವರ್ಡ್ ಮಾಡಿದ ನನಗೂ ಸೇರಿಸಿ ನನ್ನ ತಕರಾರು ಇಷ್ಟು. 'ಸಿರಿಗುಪ್ಪೆ' ಅನ್ನೋ ಉತ್ತರ ಸದ್ದಿನ ಲೆಕ್ಕದಲ್ಲಿ ನಿಲ್ಲುತ್ತೆ, ಅದನ್ನ ಕಂಡುಕೊಂಡ ದಾರಿ ನಿಲ್ಲಲ್ಲ. ನಾವು ಪದದ ಮೂಲಕ್ಕೆ ಹೋಗೋದು ಮಾನ ಉಳಿಸಿಕೊಳ್ಳೋಕೆ. ಅಲ್ಲಿ ಬಂಗಾರ ಸಿಕ್ಕರೆ ಬೋರ್ಡ್ ಹಾಕ್ತೀವಿ, ಸಗಣಿ ಸಿಕ್ಕರೆ ಮುಚ್ಚಿ ಬರ್ತೀವಿ. ನಮ್ಮೂರ ಪದದೊಳಗೆ ಎರಡೂ ಇದೆ, ಮತ್ತೆ ಎರಡೂ ಬೇರೆ ಬೇರೆ ಅಲ್ಲ ಅಂತ ಹೊಲ ಉಳೋರಿಗೆ ಯಾವಾಗಲೋ ಗೊತ್ತಿತ್ತು. ಗುಪ್ಪಿ ಹಾಕಿದವನಿಗೆ ರಾಶಿ.

ವಾಪಸ್ ಬಂದ ಮೇಲೆ ಫಾರ್ಮ್ ತೆಗೆದು ಆ 'ಟಿ' ಅಳಿಸಿ ಪೂರ್ತಿ ಹೆಸರು ಹಾಕಿದೆ. ಮುಂದಿನ ವಾರ ಮೇಲ್‌ನಲ್ಲಿ ನೋಡಿದ ಚೆನ್ನೈ ಹುಡುಗ ಕೇಳಿದ, "ಇದೇನು ಹೊಸ ಹೆಸರು?" ಅಪ್ಪನ ಹೆಸರು ಅಂದೆ. ಮರ, ತಿಪ್ಪೆ, ಒಂದು ಸೇರು ಜೋಳ, ಎಲ್ಲ ಹೇಳಿದೆ. ಈ ಸಲ ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಾತನ ಹೆಸರು ಕುಪ್ಪುಸಾಮಿ" ಅಂದ. "ಯಾಕೆ ಆ ಹೆಸರು ಅಂತ ಯಾವತ್ತೂ ಕೇಳಿರಲಿಲ್ಲ. ಇವತ್ತು ಅಮ್ಮನಿಗೆ ಫೋನ್ ಮಾಡ್ತೀನಿ."